ತಿಪ್ಪೀರ ವಾಪಸ್ ತಂದ ಬೈಗುಳ

ಕುಂಬಾರ್ತಿ ಬೋರಕ್ಕನಿಗೆ ಗಂಡ ಇರಲಿಲ್ಲ, ಮಗ ಇದ್ದ. ಹೆಸರು ತಿಪ್ಪೀರ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಕೂರು ಅಂದರೆ ಕೂತ, ಏಳು ಅನ್ನುವವರೆಗೂ ಕೂತೇ ಇದ್ದ. ಮಣ್ಣು ತುಳಿ ಅಂದರೆ ತುಳಿದ, ಸಾಕು ಅನ್ನುವವರೆಗೂ ತುಳಿದೇ ತುಳಿದ. ಹೇಳಿದ ಮಾತು ಮೀರುವವನಲ್ಲ. ಅದೇ ಬೋರಕ್ಕನ ಸಂಕಟ.

ಒಂದು ದಿನ ಎಣ್ಣೆ ತರಲು ಪಾಲಾಕ್ಷನ ಅಂಗಡಿಗೆ ಕಳಿಸಿದಳು. ಅವನು ಅಳತೆಯಲ್ಲಿ ಕೈ ಬಿಗಿ ಹಿಡಿಯುತ್ತಾನೆ, ಮಾಪಿನ ಮೇಲೆ ಕಣ್ಣಿಟ್ಟಿರು ಅಂತ ಹೇಳಿದಳು. ತಿಪ್ಪೀರ ಹೋದವನೇ ಬಗ್ಗಿ ಮಾಪಿನ ಬಾಯಿಗೆ ಕಣ್ಣಿಟ್ಟ. ಪಾಲಾಕ್ಷ ಎಣ್ಣೆ ಹುಯ್ಯುವುದಾದರೂ ಎಲ್ಲಿಗೆ? ಸರಿಯಪ್ಪ ಅಂದ, ಸರಿಯಲಿಲ್ಲ. ತಲೆ ಎತ್ತಪ್ಪ ಅಂದ, ಎತ್ತಲಿಲ್ಲ. ಕೊನೆಗೆ ರೇಗಿ, "ಏಳೋ ಮುಂಡೇಮಗನೆ," ಅಂದ.

ತಿಪ್ಪೀರನಿಗೆ ಖುಷಿಯಾಯಿತು. ಅಪ್ಪ ತೀರಿಹೋಗಿ ಎಷ್ಟೋ ಕಾಲವಾಗಿದೆ, ಈ ಅಂಗಡಿಯವನು ಇನ್ನೂ ನೆನಪಿಟ್ಟುಕೊಂಡಿದ್ದಾನಲ್ಲ ಅಂದುಕೊಂಡ. ಮನೆಗೆ ಬಂದು, ಪಾಲಾಕ್ಷಣ್ಣ ನಮ್ಮನ್ನು ಚೆನ್ನಾಗಿ ಬಲ್ಲ, ಹೆಸರಿನ ಬದಲು ನಿನ್ನ ಮಗ ಅಂತಲೇ ನನ್ನನ್ನು ಕರೆದ ಅಂದ. ಏನಂತ ಕರೆದ ಅಂತ ಅವ್ವ ಕೇಳಿದಳು. ಹೇಳಿದ. ಬೋರಕ್ಕ ಮಡಕೆ ತಟ್ಟುತ್ತಿದ್ದ ಹಲಗೆ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಯಾಕವ್ವ ಅಳ್ತೀಯ? ಅವನು ಅಂದಿದ್ದು ನಿಜ ತಾನೇ?"

"ನಿಜವೇ ಕಣಪ್ಪ. ಗಂಡ ಸತ್ತೋಳ ಮಗನಿಗೆ ಏನಂದ್ರೂ ಕೇಳೋರು ಯಾರೂ ಇಲ್ಲ ಅಂತ ಹಿಂದೆ ಯಾವನೋ ಮೊದಲು ಅಂದಿರಬೇಕು. ಅವತ್ತಿಂದ ಎಲ್ಲರೂ ಅಂತಾರೆ. ನಿಮ್ಮಪ್ಪ ಸತ್ತಿದ್ದು ಅವರಿಗೆ ಉಗಿಯೋಕೆ ಒಂದು ಮಾತಾಯ್ತು."

ಆಮೇಲೆ ಮಗನನ್ನು ಚೆನ್ನಾಗಿ ಬೈದಳು. ಬೈಸಿಕೊಂಡು ಹಲ್ಲು ಕಿರಿಯುತ್ತಾ ಮನೆಗೆ ಬರುತ್ತಾರೆಯೇ? ಇನ್ನು ಮೇಲೆ ಅಂಥ ಮಾತು ಯಾರು ಕೊಟ್ಟರೂ ಇಟ್ಟುಕೊಳ್ಳಬೇಡ, ಅವರದ್ದು ಅವರಿಗೇ ವಾಪಸ್ ಕೊಟ್ಟು ಬಾ ಅಂದಳು.

ಸರಿ ಅಂತ ತಿಪ್ಪೀರ ಮತ್ತೆ ಅಂಗಡಿಗೆ ಹೋದ. ಕಟ್ಟೆಯ ಮೇಲೆ ಪಾಲಾಕ್ಷನ ಅಪ್ಪ ಗುರುಸಿದ್ದಪ್ಪನವರು ಕೂತಿದ್ದರು. ಊರಿಗೆಲ್ಲ ಯಜಮಾನರು, ಕೆರೆ ಮಣ್ಣು ತೆಗೆಯಲೂ ಅವರ ಅಪ್ಪಣೆ ಬೇಕು. ತಿಪ್ಪೀರ ಕೈ ಮುಗಿದು, "ಪಾಲಾಕ್ಷಣ್ಣ, ಇದು ನಿಂದು, ಅವ್ವ ಕೊಟ್ಟು ಬಾ ಅಂದ್ಲು. ಮುಂಡೇಮಗನೆ," ಅಂದ.

ಗುರುಸಿದ್ದಪ್ಪನವರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಅವರು ಬದುಕಿರುವಾಗಲೇ ಅವರ ಹೆಂಡತಿಯನ್ನು ಮುಂಡೆ ಮಾಡಿದ್ದ ಈ ಹುಡುಗ. ಕೋಲು ಎತ್ತಿ ಎರಡು ಬಾರಿಸಿದರು. ನಾಳೆ ಪಂಚಾಯಿತಿಗೆ ಬಂದು ಉತ್ತರ ಹೇಳಬೇಕು, ಅಲ್ಲಿಯವರೆಗೆ ಕೆರೆಯ ಹಿಡಿ ಮಣ್ಣೂ ಮುಟ್ಟಕೂಡದು ಅಂದರು.

ಬೋರಕ್ಕ ತಲೆ ಚಚ್ಚಿಕೊಂಡಳು. ಮಣ್ಣಿಲ್ಲದೆ ಮಡಕೆಯಿಲ್ಲ, ಮಡಕೆಯಿಲ್ಲದೆ ಒಲೆ ಉರಿಯುವುದಿಲ್ಲ. ಬದುಕಿರುವವರನ್ನು ಸತ್ತರು ಅನ್ನಬಾರದು ಕಣೋ, ಕಣ್ಣಿಗೆ ಕಂಡ ನಿಜ ಇದ್ದರೆ ಮಾತ್ರ ಬಾಯಿ ಬಿಡು ಅಂದಳು.

ತಿಪ್ಪೀರ ಬಾಗಿಲಲ್ಲಿ ಕೂತು ನಿಜ ಹುಡುಕತೊಡಗಿದ. ಪಕ್ಕದ ಮನೆಯ ಅಗಸರ ಹೊನ್ನಮ್ಮ ತನ್ನ ಮಗನನ್ನು ಕತ್ತೆ ಅಂತ ಬೈಯುತ್ತಿದ್ದಳು. ತಿಪ್ಪೀರ ಹತ್ತಿರ ಹೋಗಿ ಹುಡುಗನ ಕಿವಿ ಹಿಡಿದು ನೋಡಿ, ಇದು ಕತ್ತೆಯಲ್ಲ ಅಕ್ಕ, ನಿಮ್ಮ ಕತ್ತೆ ಹಿತ್ತಲಲ್ಲಿದೆ ಅಂದ. ಅಷ್ಟರಲ್ಲಿ ಕಾಲು ಎಳೆದುಕೊಂಡು ಬರುತ್ತಿದ್ದ ತಳವಾರ ಕೆಂಪಯ್ಯ, ಏನಪ್ಪಾ ಗಲಾಟೆ ಅಂತ ವಿಚಾರಿಸಿದ. ಯಾರದು ಬಂದಿದ್ದು ಅಂತ ಒಳಗಿಂದ ಅವ್ವ ಕೇಳಿದಳು. ತಿಪ್ಪೀರ ಕೆಂಪಯ್ಯನ ಕಾಲನ್ನು ಚೆನ್ನಾಗಿ ನೋಡಿ ಖಾತ್ರಿ ಮಾಡಿಕೊಂಡು, "ಕುಂಟ," ಅಂದ.

ಕೆಂಪಯ್ಯ ಮಾಡಿದ ರಂಪಕ್ಕೆ ಬೀದಿಯೇ ಸೇರಿತು. ಬೋರಕ್ಕ ಅವನ ಕಾಲು ಹಿಡಿದು ಕಳಿಸಿದಳು. ಆಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡಳು. ನಿಜವಾದರೂ ನೋವಿರುವ ಕಡೆ ಬೆರಳಿಡಬಾರದು ಅಂತ ಹೇಳಿದಳು. ಅದು ಅವನ ತಲೆಗೆ ಹೋಗಲಿಲ್ಲ ಅಂತ ಅವಳಿಗೇ ಗೊತ್ತಾಯಿತು. ನಾಳೆ ಬೇರೇನೂ ಬೇಡ, ನನ್ನ ಮಾತು ನಾನು ವಾಪಸ್ ತಗೊಂಡೆ ಅಂತ ಅಂದುಬಿಡು, ಸಾಕು ಅಂದಳು.

ಮಾರನೆಯ ದಿನ ಅರಳಿಕಟ್ಟೆಯಲ್ಲಿ ಊರೇ ನೆರೆದಿತ್ತು. ಬೋರಕ್ಕ ಮರದ ಮರೆಯಲ್ಲಿ ನಿಂತಿದ್ದಳು. ತಿಪ್ಪೀರ ಪಾಲಾಕ್ಷನ ಮುಂದೆ ಹೋಗಿ ಟವೆಲ್ ಹರಡಿ ಹಿಡಿದ.

"ನಿನ್ನೆ ಕೊಟ್ಟಿದ್ದು ವಾಪಸ್ ಕೊಡಣ್ಣ. ನಿಂಗೆ ಅಪ್ಪ ಇದ್ದಾರೆ, ಅದು ನಿಂಗೆ ಆಗಲ್ಲ. ಇಲ್ಲಿರೋರಲ್ಲಿ ಅದು ಸರಿಹೋಗೋದು ನಂಗೊಬ್ಬನಿಗೇ. ಮನೇಲಿ ಅವ್ವ ಅಳ್ತಾಳೆ, ಆದ್ರೂ ನಾನೇ ಇಟ್ಕೋತೀನಿ."

ಪಾಲಾಕ್ಷ ತಲೆ ತಗ್ಗಿಸಿದ. ಈ ಮಾತು ಮೊದಲು ಯಾರ ಬಾಯಿಂದ ಬಂತು ಅಂತ ಗುರುಸಿದ್ದಪ್ಪನವರು ಕೇಳಿದರು. ಪಾಲಾಕ್ಷ ಒಪ್ಪಿಕೊಂಡ. ಅಪ್ಪ ಮಗನಿಗೆ ಎಲ್ಲರೆದುರೇ ಛೀಮಾರಿ ಹಾಕಿ, ಬೋರಕ್ಕನಿಗೆ ಕೆರೆ ಮಣ್ಣು ಬಿಟ್ಟುಕೊಟ್ಟರು. ಇನ್ನು ಈ ಊರಲ್ಲಿ ಬೈಗುಳ ಕೇಳಿಸಕೂಡದು ಅಂತ ಕಟ್ಟಪ್ಪಣೆ ಮಾಡಿದರು. ತಿಪ್ಪೀರನ ಬೆನ್ನು ತಟ್ಟಿ, "ಯಾರಾದರೂ ಬೈದರೆ ಬಂದು ನನಗೆ ಹೇಳು," ಅಂದರು.

ಬೋರಕ್ಕ ಅವತ್ತು ನೆಮ್ಮದಿಯಾಗಿ ಉಂಡಳು.

ಕೆಲವು ದಿನ ಕಳೆದ ಮೇಲೆ ಗುರುಸಿದ್ದಪ್ಪನವರ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಮ್ಮದು ಮರ್ಯಾದಸ್ತರ ಮನೆ, ನನಗೆ ಒಬ್ಬನೇ ಮಗ ಅಂತ ಯಜಮಾನರು ಹೇಳುತ್ತಿದ್ದರು. ಆಗ ತಿಪ್ಪೀರ ಏದುಸಿರು ಬಿಡುತ್ತಾ ಬಂದ. ಬೀದಿ ನಲ್ಲಿ ಹತ್ತಿರ ಜಗಳವಾಗಿತ್ತು. ಮರೆತುಹೋದೀತು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಓಡಿ ಬಂದಿದ್ದ. ನೇರ ಯಜಮಾನರ ಎದುರು ನಿಂತು, ಕೈ ಮುಗಿದು, ಅವರ ಮುಖ ನೋಡಿಕೊಂಡು ಹೇಳಿದ:

"ಹಲ್ಕಟ್. ಬೇವರ್ಸಿ. ಮನೆಹಾಳ. ಕತ್ತೆಬಡವ."

ಬೀಗರ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಗಳು ಹಾಗೇ ನಿಂತವು. ಯಜಮಾನರು ಕಣ್ಸನ್ನೆ ಮಾಡಿದರು. ಇನ್ನೂ ಬೇಕೇನೋ ಅಂದುಕೊಂಡು ತಿಪ್ಪೀರ ಮತ್ತೊಂದು ಸಲ ಮೊದಲಿಂದ ಹೇಳಿದ. ಯಜಮಾನರಿಗೆ ತಡೆಯಲಾಗಲಿಲ್ಲ.

"ಆಚೆ ಹೋಗೋ, ನನ್ಮಗನೆ!"

ತಿಪ್ಪೀರನ ಕಣ್ಣು ತುಂಬಿ ಬಂತು. ಅಪ್ಪ ತೀರಿಹೋದ ಮೇಲೆ ಯಾವ ಗಂಡಸೂ ಅವನನ್ನು ತನ್ನ ಮಗ ಅಂತ ಕರೆದಿರಲಿಲ್ಲ. ಯಜಮಾನರ ಎರಡೂ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬೀಗರಿಗೆಲ್ಲ ನಮಸ್ಕಾರ ಮಾಡಿದ. ಗಂಡಿನ ತಂದೆ ಗಂಟಲು ಸರಿಮಾಡಿಕೊಂಡು, ಒಬ್ಬನೇ ಮಗ ಅಂದಿದ್ದಿರಲ್ಲ ಅಂತ ಮೆಲ್ಲಗೆ ಕೇಳಿದರು.

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ತಿಪ್ಪೀರ ಬೀದಿಗಿಳಿದಿದ್ದ. ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾ ಓಡಿದ: "ಅವ್ವಾ, ಇನ್ನು ಅಳಬೇಡ! ಯಜಮಾನ್ರು ಬೀಗರ ಮುಂದೆ ಒಪ್ಪಿಕೊಂಡ್ರು!"