ಕತ್ತೆಯ ಹಾಡಿಗೆ ತೇಲಿದವರು, ಹೂತುಹೋದವರು

ಒಂದಾನೊಂದು ಊರು. ಎರಡಿದ್ದರೆ ಕತೆ ಉದ್ದವಾಗುತ್ತಿತ್ತು. ಒಂದೇ ಇತ್ತು, ಕೇಳುವವರ ಪುಣ್ಯ.

ಆ ಊರಿಗೆ ಟೆಂಟ್ ಸಿನಿಮಾ ಬಂತು. ಬರೆದ ಚಿತ್ರಗಳೇ ಎದ್ದು ಓಡಾಡುವ ಸಿನಿಮಾ. ಅದರಲ್ಲಿ ಮನುಷ್ಯರೇ ಇಲ್ಲ. ಒಂದು ಕತ್ತೆ, ಒಂದು ಬಾತುಕೋಳಿ, ಅವೆರಡರ ಪ್ರೀತಿ. ಮಕ್ಕಳ ಆಟ ಅಂದುಕೊಂಡು ಜನ ಮಕ್ಕಳನ್ನು ಎತ್ತಿಕೊಂಡು ಬಂದರು. ಬಾಗಿಲಲ್ಲಿ ನಿಂತವನು ಮಕ್ಕಳನ್ನು ವಾಪಸ್ ಕಳಿಸಿದ. ಕತ್ತೆ ಬಾತುಕೋಳಿಗೆ ಮುತ್ತು ಕೊಡುತ್ತದೆ, ಆದ್ದರಿಂದ ಇದು ದೊಡ್ಡವರಿಗೆ ಮಾತ್ರ ಅಂದ. ಅಷ್ಟು ಕೇಳಿದ್ದೇ ತಡ, ಅಜ್ಜಿಯರೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಕಲ್ಲವ್ವನೂ ಗಂಡ ಶಿವಮೂರ್ತೆಪ್ಪನ ಜೊತೆ ಬಂದು ಚಾಪೆ ಹಾಸಿ ಕೂತಳು. ಮುತ್ತು ಬಂತು. ಜನ ಸೆರಗು, ಟವೆಲು ಮುಖಕ್ಕೆ ಅಡ್ಡ ಹಿಡಿದು ಸಂದಿಯಲ್ಲಿ ನೋಡಿದರು. ಆಮೇಲೆ ಕತ್ತೆ ಕೆರೆಯ ದಂಡೆಯಲ್ಲಿ ನಿಂತು ಬಾತುಕೋಳಿಗಾಗಿ ಹಾಡಿತು. ಹಾಡು ಅಂದರೆ ಕತ್ತೆಯ ಹಾಡೇ. ಬಾತುಕೋಳಿ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿತು.

ಶಿವಮೂರ್ತೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕಲ್ಲವ್ವನಿಗೆ ಅಳು ಬಂತು.

ನಗು ಹಗುರ, ಅಳು ಭಾರ. ಹಾಗಾಗಿ ಶಿವಮೂರ್ತೆಪ್ಪ ಚಾಪೆಯಿಂದ ಮೆಲ್ಲಗೆ ಮೇಲೆದ್ದು ಟೆಂಟಿನ ಬಟ್ಟೆಗೆ ಹೋಗಿ ಅಂಟಿಕೊಂಡ. ಕಲ್ಲವ್ವ ಮೊಣಕಾಲಿನವರೆಗೆ ನೆಲದೊಳಗೆ ಇಳಿದಳು. ಸುತ್ತ ನೋಡಿದರೆ ಎಲ್ಲರದೂ ಅದೇ ಪಾಡು. ನಕ್ಕವರು ಮೇಲೆ ಬಾವಲಿಗಳ ಹಾಗೆ, ಅತ್ತವರು ಕೆಳಗೆ ನೆಟ್ಟ ಸಸಿಗಳ ಹಾಗೆ. ಮೇಲಿನವರ ಚಪ್ಪಲಿ ಕೆಳಗಿನವರ ತಲೆಯ ಮೇಲೆ ಬೀಳುತ್ತಿದ್ದವು.

ರಾಜನಿಗೆ ಸುದ್ದಿ ಹೋಯಿತು. ಆ ರಾಜನಿಗೆ ಎಲ್ಲವೂ ಸಮ ಇರಬೇಕು. ಎಡಮೀಸೆ ಬಲಮೀಸೆ ತೂಗಿ ನೋಡದೆ ಊಟಕ್ಕೆ ಕೂರುವವನಲ್ಲ. ಬಂದು ನೋಡಿ ಅವನಿಗೆ ಬಹಳ ಬೇಜಾರಾಯಿತು. ಮೇಲಿನವರು ಅಳಬೇಕು, ಕೆಳಗಿನವರು ನಗಬೇಕು, ಇಂಟರ್ವಲ್ ಮುಗಿಯುವುದರೊಳಗೆ ಎಲ್ಲ ಸಮವಾಗದಿದ್ದರೆ ಟೆಂಟು ಬಿಚ್ಚಿಸುತ್ತೇನೆ ಅಂದ.

ಕಲ್ಲವ್ವ ತಲೆಯೆತ್ತಿ ಗಂಡನನ್ನು ನೋಡಿದಳು. ಟೆಂಟು ಬಿಚ್ಚಿದರೆ ಗಂಡ ನೇರ ಆಕಾಶಕ್ಕೆ.

ಹುಕುಂ ಮಾಡಿದರೆ ನಗು ಬರುತ್ತದೆಯೇ, ಅಳು ಬರುತ್ತದೆಯೇ? ಬರಲಿಲ್ಲ. ರಾಜ ಪರದೆಯೊಳಗಿನ ಕತ್ತೆಯನ್ನೇ ಕರೆಸಿ, ನಿನ್ನದು ನಗುವಂಥ ಪ್ರೀತಿಯೋ ಅಳುವಂಥ ಪ್ರೀತಿಯೋ ಎಂದು ವಿಚಾರಿಸಿದ. ಕತ್ತೆ ಪರದೆಯಿಂದ ಒಂದು ಕಾಲು ಹೊರಗಿಟ್ಟು, ಜನರನ್ನು ಕಂಡು ನಾಚಿಕೊಂಡಿತು.

“ನೀವೆಲ್ಲಾ ನೋಡಾಕತ್ತೀರಿ ಅಂತ ನಮಗ ಗೊತ್ತ ಇರಲಿಲ್ಲ” ಅಂದಿತು. ಕಾಲು ಒಳಗೆಳೆದುಕೊಂಡಿತು.

ರಾಜನ ಆಳುಗಳು ಟೆಂಟಿನ ಗೂಟ ಕೀಳತೊಡಗಿದರು. ಮೇಲಿಂದ ಶಿವಮೂರ್ತೆಪ್ಪ ಕೇಳಿದ: “ಕಲ್ಲವ್ವಾ, ಅದರಾಗ ಅಳೂವಂಥಾದ್ದು ಏನಿತ್ತು?”

“ಆ ಬಾತುಕೋಳಿ ಹಾಡು ಪೂರಾ ಕೇಳಿತಲ್ಲರೀ. ನಾನು ಬಾಯಿ ತೆಗೆದ್ರ ನೀವು ಎದ್ದು ಹೊರಗ ಹೋಗ್ತೀರಿ.”

ಅದು ನಿಜವೇ. ತವರಿನಿಂದ ಅವಳು ಒಂದು ಹಾಡು ತಂದಿದ್ದಳು. ಮೊದಲ ಸಾಲು ದಾಟಿ ಅದನ್ನು ಈ ಊರಲ್ಲಿ ಯಾರೂ ಕೇಳಿರಲಿಲ್ಲ. ಶಿವಮೂರ್ತೆಪ್ಪ ಟೆಂಟಿನ ಬಟ್ಟೆಯಿಂದ ಕೆಳಕ್ಕೆ ಬಗ್ಗಿ ಅವಳನ್ನು ನೋಡಿದ.

“ಈಗ ಎಲ್ಲಿ ಹೋಗ್ಲಿ? ಹಾಡು” ಅಂದ.

ಕಲ್ಲವ್ವ ಹಾಡಿದಳು. ಕಂಠ ಎಂಥದಿತ್ತೆಂದರೆ, ಕತ್ತೆಯೇ ಗೌರವದಿಂದ ಎದ್ದು ನಿಂತಿತು. ಹಾಡು ಬಳೆಗಾರನಿಂದ ಶುರುವಾಗಿ, ಸತ್ತ ತಂಗಿಯ ಹತ್ತಿರ ಹೋಗಿ, ಮತ್ತೆ ಬಳೆಗಾರನ ಹತ್ತಿರ ಬಂತು. ತಂಗಿಯ ಜಾಗಕ್ಕೆ ಬಂದಾಗ ಶಿವಮೂರ್ತೆಪ್ಪನ ಕಣ್ಣು ತುಂಬಿತು. ತುಂಬಿದ ಕಣ್ಣಿನ ಭಾರಕ್ಕೆ ಅವನು ತಲೆಕೆಳಗಾಗಿ ಇಳಿಯತೊಡಗಿದ. ಧೋತರ ಮುಖದ ಮೇಲೆ ಬಿದ್ದು ದಾರಿ ಕಾಣದೆ ತಡವರಿಸುತ್ತ ಬಂದ ಗಂಡನನ್ನು ನೋಡಿ ಕಲ್ಲವ್ವನಿಗೆ ನಗು ತಡೆಯಲಾಗಲಿಲ್ಲ. ಗಜ್ಜರಿ ಕಿತ್ತ ಹಾಗೆ ನೆಲದಿಂದ ಹೊರಬಂದಳು.

ಅದನ್ನು ನೋಡಿ ಉಳಿದವರೂ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಮಾತಿಗಿಳಿದರು. ಯಾರ್ಯಾರು ಏನೇನು ಕೇಳಬೇಕಾಯಿತೋ ಅವರವರಿಗೇ ಗೊತ್ತು. ಕಡೆಗೆ ಎಲ್ಲರೂ ನೆಲಕ್ಕೆ ಬಂದರು. ಆಳುಗಳು ಗೂಟ ಮತ್ತೆ ಬಡಿದರು.

ಮನೆಗೆ ಹೋಗುವ ದಾರಿಯಲ್ಲಿ ಶಿವಮೂರ್ತೆಪ್ಪ, ಇನ್ನೊಂದು ಹಾಡು ಬರುತ್ತದೇನು ಎಂದು ಹೆಂಡತಿಯನ್ನು ಕೇಳಿದ. ಬರುತ್ತದೆ, ಆದರೆ ಅದು ಇನ್ನೂ ಉದ್ದ ಅಂದಳು. ಅವನು ಒಂದು ಕಟ್ಟೆ ನೋಡಿ ಕೂತುಕೊಂಡ.

ಆದ್ದರಿಂದ ಸಿನಿಮಾಕ್ಕೆ ಹೋಗುವವರೇ, ನಗುವವರಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ, ಅಳುವವರಾದರೆ ಹಲಗೆಯ ಮೇಲೆ ಕೂರಿ. ಅವರ ಹಾಡು ಅಲ್ಲಿ ಮುಗಿದಿಲ್ಲ, ನಮ್ಮ ಕತೆ ಇಲ್ಲಿ ಮುಗಿಯಿತು.