ಮಾಗುಂಡಪ್ಪ ಮಗಳ ಜೊತೆ ಟೋಕಿಯೋಗೆ ಹೋದದ್ದು

ಗುಳೇದಗುಡ್ಡದಲ್ಲಿ ಸಾವಂತ್ರೆವ್ವ ಅಂತ ಒಬ್ಬಳಿದ್ದಳು. ಅವಳಿಗೆ ಮಾಗುಂಡಪ್ಪ ಅಂತ ಒಬ್ಬನೇ ಮಗ. ಮಗನಿಗೆ ನಲವತ್ತು ದಾಟಿದರೂ ಅವನನ್ನು ಎಲ್ಲಿಗಾದರೂ ಕಳಿಸುವಾಗ ಅವ್ವನ ಎದೆ ಡವಡವ ಅನ್ನುತ್ತಿತ್ತು. ಯಾಕೆಂದರೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದಕ್ಕಿಂತ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಚಿಕ್ಕವನಿದ್ದಾಗ ಸೀಮೆಎಣ್ಣೆ ಸಾಲಿನಲ್ಲಿ ನಿಂತು ಬಾ ಅಂತ ಕಳಿಸಿದ್ದಳು. ಹೋದ, ಸಾಲಿನಲ್ಲಿ ನಿಂತ, ಪಾಳಿ ಬಂದ ಕೂಡಲೇ ಖಾಲಿ ಡಬ್ಬಿ ಹಿಡಿದು ವಾಪಸ್ ಬಂದ. ಎಣ್ಣೆ ಎಲ್ಲೋ ಅಂದರೆ, ನಿಂತು ಬಾ ಅಂದಿದ್ದಿ, ನಿಂತು ಬಂದೆ ಅಂದ.

ಅಂಥವನಿಗೆ ಊರಿಗೆ ನೀರು ಬಿಡುವ ಕೆಲಸ ಸಿಕ್ಕಿದ್ದೇ ಒಂದು ಪುಣ್ಯ. ಆರಕ್ಕೆ ನಾಲ್ಕನೇ ವಾಲ್ವ್ ತೆಗೆ, ಎಂಟಕ್ಕೆ ಮುಚ್ಚು ಅಂದರು. ಹದಿನಾಲ್ಕು ವರ್ಷದಲ್ಲಿ ಒಂದು ನಿಮಿಷ ಹೆಚ್ಚುಕಡಿಮೆ ಆಗಲಿಲ್ಲ.

ಅವನಿಗೆ ತ್ರಿವೇಣಿ ಅಂತ ಹದಿನೈದು ವರ್ಷದ ಮಗಳು. ತಾಯಿ ಇಲ್ಲದ ಹುಡುಗಿ, ಅಜ್ಜಿಯ ಕೈಯಲ್ಲಿ ಬೆಳೆದವಳು. ಅವಳಿಗೆ ನಕಾಶೆಯ ಹುಚ್ಚು. ಊರಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಬೇಕಂತೆ. ಎಂಟು ತಿಂಗಳು ಪ್ರತಿ ಭಾನುವಾರ ಅಪ್ಪನನ್ನು ಕರೆದುಕೊಂಡು ಓಣಿ ಓಣಿ ತಿರುಗಿ, ನೆಲದಡಿಯ ಕೊಳವೆಗಳನ್ನೆಲ್ಲ ಒಂದು ದೊಡ್ಡ ಹಾಳೆಯ ಮೇಲೆ ಬಿಡಿಸಿದಳು. ಶಾಲೆಯ ಕೊಪ್ಪದ ಟೀಚರ್ ಅದನ್ನು ಮಕ್ಕಳ ನಕಾಶೆ ಸ್ಪರ್ಧೆಯೊಂದಕ್ಕೆ ಕಳಿಸಿದರು. ಒಂದು ದಿನ ಕಾಗದ ಬಂತು. ಬೇರೆ ಬೇರೆ ದೇಶದ ನಲವತ್ತು ಮಕ್ಕಳನ್ನು ಆರಿಸಿದ್ದಾರೆ, ಅದರಲ್ಲಿ ತ್ರಿವೇಣಿ ಒಬ್ಬಳು, ಟೋಕಿಯೋದಲ್ಲಿ ಒಂಬತ್ತು ದಿನ, ಹೋಗಿಬರುವ ವ್ಯವಸ್ಥೆಯೆಲ್ಲ ಅವರದೇ. ಜೊತೆಗೆ ತಂದೆ ಅಥವಾ ತಾಯಿ ಬರಬೇಕು.

ತ್ರಿವೇಣಿ ಕಾಗದವನ್ನು ಮೂರು ಸಲ ಓದಿದಳು. ಆಮೇಲೆ ಟೀಚರ್ ಹತ್ತಿರ ಒಬ್ಬಳೇ ಹೋಗಿ, ನೀವೇ ನನ್ನ ಜೊತೆ ಬರೋದಕ್ಕೆ ಆಗೂದಿಲ್ಲೇನ್ರಿ ಅಂತ ಕೇಳಿದಳು. ಆಗುವುದಿಲ್ಲ, ನಿಯಮ ಹಾಗಿದೆ ಅಂದರು ಟೀಚರ್. ಅಜ್ಜಿಗೆ ಇದು ಗೊತ್ತಾಯಿತು. ಸಿಟ್ಟೂ ಬಂತು, ಹುಡುಗಿ ಹೇಳೋದರಲ್ಲಿ ತಪ್ಪೇನು ಅಂತಲೂ ಅನ್ನಿಸಿತು. ಮಗನಿಗೆ ಮಾತ್ರ ಹೇಳಲಿಲ್ಲ.

ಸರಿ, ತಯಾರಿ ಶುರುವಾಯಿತು. ಮೊದಲು ಪಾಸ್‌ಪೋರ್ಟ್. ಫೋಟೋ ತೆಗೆಯುವವನು ಮಾಗುಂಡಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಪಾಸ್‌ಪೋರ್ಟಿಗೆ ನಗಬಾರದು ಅಂದ. ಮಾಗುಂಡಪ್ಪ ನಗಲಿಲ್ಲ. ಮನೆಗೆ ಬಂದರೂ ನಗಲಿಲ್ಲ. ಮರುದಿನ ಸೋದರಮಾವನ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ. ಅಲ್ಲಿ ಹೋಗಿ ತೊಟ್ಟಿಲ ಪಕ್ಕ ಕಲ್ಲಿನ ಮುಖ ಮಾಡಿಕೊಂಡು ನಿಂತ. ಕೂಸು ಇವನನ್ನು ನೋಡಿ ಅಳತೊಡಗಿತು. ಹೆಂಗಸರು ಮೂಲೆಯಲ್ಲಿ ಸೇರಿ, ಡಾಕ್ಟರು ಏನೋ ಹೇಳ್ಯಾರಂತ, ಪಾಪ, ಅಂತ ಗುಸುಗುಸು ಮಾಡಿದರು. ಸಾವಂತ್ರೆವ್ವ ಅವನನ್ನು ಹಿತ್ತಿಲಿಗೆ ಎಳೆದೊಯ್ದು ಕೇಳಿದರೆ, ಪಾಸ್‌ಪೋರ್ಟ್ ಇನ್ನೂ ಬಂದಿಲ್ಲಲ್ಲ ಅಂದ.

ಅವ್ವ ಹಣೆ ಚಚ್ಚಿಕೊಂಡಳು. “ಇನ್ನ ಮುಂದ ಯಾರ ಬಂದರೂ ನಗಮುಖದಿಂದ ಮಾತಾಡಬೇಕು, ತಿಳೀತೇನು?”

ತಿಳಿಯಿತು ಅಂದ.

ಹದಿನೈದು ದಿನಕ್ಕೆ ಪೊಲೀಸ್ ವಿಚಾರಣೆಗೆ ಒಬ್ಬ ಹವಾಲ್ದಾರ ಬಂದ. ಮಾಗುಂಡಪ್ಪ ಬಾಗಿಲಲ್ಲೇ ಹಲ್ಲು ಬಿಟ್ಟು ನಿಂತ. ನಿಮ್ಮ ಮೇಲೆ ಏನಾದರೂ ಕೇಸು ಇದೆಯೇ ಅಂತ ಹವಾಲ್ದಾರ ಕೇಳಿದ. ಇಲ್ರೀ ಅಂತ ನಕ್ಕ. ಯಾರ ಜೊತೆಗಾದರೂ ಜಗಳ, ಹೊಡೆದಾಟ? ಇಲ್ರೀ ಅಂತ ಇನ್ನೂ ಅಗಲವಾಗಿ ನಕ್ಕ. ಹೆಂಡತಿ ಎಲ್ಲಿ ಅಂದರೆ, ತೀರಿಹೋಗ್ಯಾಳ್ರೀ ಅಂತ ನಗುನಗುತ್ತಲೇ ಹೇಳಿದ. ಹವಾಲ್ದಾರ ಪೆನ್ನು ಮುಚ್ಚಿದ. ಹೇಗೆ ತೀರಿಹೋದಳು ಅಂತ ಕೇಳಲು ಶುರು ಮಾಡಿದ. ತ್ರಿವೇಣಿ ಒಳಗಿಂದ ಓಡಿಬಂದು, ಆಸ್ಪತ್ರೆಯ ಹಳೆಯ ಕಾಗದ ತೋರಿಸಿ, ಅಪ್ಪನ ಸ್ವಭಾವವನ್ನು ಅರ್ಧ ತಾಸು ವಿವರಿಸಿ ಹೇಳಿದ ಮೇಲೆ ಅವನು ಸಹಿ ಹಾಕಿ ಹೋದ. ಹೋಗುವಾಗಲೂ ಎರಡು ಸಲ ತಿರುಗಿ ನೋಡಿದ.

ಸಾವಂತ್ರೆವ್ವ ಈ ಸಲ ಮಗನನ್ನು ಎದುರಿಗೆ ಕೂರಿಸಿಕೊಂಡು, ದೊಡ್ಡವರು ಮಾತಾಡಿಸಿದರೆ ನಗುವುದೂ ಬೇಡ ಅಳುವುದೂ ಬೇಡ, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಅಂತ ಬಿಡಿಸಿ ಹೇಳಿದಳು.

ಆಮೇಲೆ ಟೋಕಿಯೋದವರು ಮಗುವಿನ ಜೊತೆ ಬರುವವರನ್ನು ನೋಡಿ ಮಾತಾಡಬೇಕು ಅಂದರು. ಅವರಿಗೆ ಒಪ್ಪಿಗೆಯಾದರೆ ಮಾತ್ರ ಟಿಕೆಟ್. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಾಗುಂಡಪ್ಪ ಕೂತ, ಹಿಂದೆ ಟೀಚರ್, ಬಾಗಿಲ ಹತ್ತಿರ ತ್ರಿವೇಣಿ. ಪರದೆಯ ಮೇಲೆ ಬೆಳ್ಳಿಕೂದಲಿನ ಒಬ್ಬ ಹೆಂಗಸು, ಪಕ್ಕದಲ್ಲಿ ಅವರ ಮಾತನ್ನು ಕನ್ನಡದಲ್ಲಿ ಹೇಳಲು ಅಲ್ಲೇ ನೆಲೆಸಿದ ಮೈಸೂರಿನ ಕಡೆಯವಳೊಬ್ಬಳು.

ನಿಮ್ಮ ಮಗಳ ಬಗ್ಗೆ ಸ್ವಲ್ಪ ಹೇಳಬಹುದಾ ಅಂತ ಕೇಳಿದರು.

“ಹೇಳಬಹುದು,” ಅಂದ ಮಾಗುಂಡಪ್ಪ.

ಆ ಕಡೆಯವರು ಕಾದರು. ಇವನೂ ಕಾದ. ಕೊನೆಗೆ ಅವರೇ, ಇಷ್ಟು ದೊಡ್ಡ ಊರಿನಲ್ಲಿ ಅವಳನ್ನು ನೋಡಿಕೊಳ್ಳೋಕೆ ನಿಮಗೆ ಆಗುತ್ತಾ ಅಂದರು. ಗೊತ್ತಿಲ್ಲ ಅಂದ. ಯಾಕೆ ಅಂದರೆ, ಆ ಊರು ನಾ ನೋಡಿಲ್ಲ ಅಂದ. ತ್ರಿವೇಣಿ ಬಾಗಿಲಿಗೆ ಹಣೆ ಒತ್ತಿ ನಿಂತಳು. ಎಂಟು ತಿಂಗಳ ಕೆಲಸ ಅವಳ ಕಣ್ಣೆದುರೇ ಹರಿದುಹೋಗುತ್ತಿತ್ತು.

ಬೆಳ್ಳಿಕೂದಲಿನ ಹೆಂಗಸು ಸ್ವಲ್ಪ ಯೋಚಿಸಿ ಇನ್ನೊಂದು ಕೇಳಿದರು. ಈ ನಕಾಶೆ ಮಾಡುವಾಗ ನೀವು ಏನು ಮಾಡಿದಿರಿ?

“ಆಕಿ ನಿಲ್ಲು ಅಂದಲ್ಲಿ ನಿಂತೆ. ನಡಿ ಅಂದಾಗ ನಡದೆ. ಅಪ್ಪಾ, ಇದರ ಕೆಳಗ ಏನೈತಿ ಅಂತ ಕೇಳಿದಾಗ ಹೇಳಿದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂದೆ. ಅಂಥಲ್ಲಿ ಆಕಿ ಅಗದು ನೋಡೋಣ ಅಂದಳು, ಅಗದೆ.”

ಮೈಸೂರಿನವಳು ಅದನ್ನು ಜಪಾನಿ ಭಾಷೆಗೆ ತಿರುಗಿಸಲು ತುಂಬ ಹೊತ್ತು ತೆಗೆದುಕೊಂಡಳು. ಬೆಳ್ಳಿಕೂದಲಿನವರು ಕನ್ನಡಕ ತೆಗೆದು ಒರೆಸಿ, ಟಿಕೆಟ್ ಕಳಿಸುತ್ತೇವೆ ಅಂದರು.

ಆದರೂ ಸಾವಂತ್ರೆವ್ವನಿಗೆ ಸಮಾಧಾನ ಇಲ್ಲ. ಆ 'ಹೇಳಬಹುದು' ಅನ್ನುವ ಮಾತು ಟೀಚರ್ ಬಾಯಿಂದ ಅವಳ ಕಿವಿಗೆ ಬಿದ್ದಿತ್ತು. ಪರದೇಶದಲ್ಲಿ ಬಾಯಿ ಮುಚ್ಚಿಕೊಂಡು ಕೂತರೆ ನಡೆಯುವುದಿಲ್ಲ, ಅವರು ಕೇಳದಿದ್ದರೂ ನಾವಾಗಿಯೇ ಎಲ್ಲ ಬಿಚ್ಚಿ ಹೇಳಬೇಕು ಅಂತ ತಲೆ ಸವರಿ ಬುದ್ಧಿ ಹೇಳಿದಳು.

ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ನೋಡುವವನಿಗೆ ಮಾಗುಂಡಪ್ಪ ತಾನಾಗಿಯೇ ಹೇಳಿದ, ಚೀಲದಾಗ ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಧೋತ್ರ ಅದಾವ್ರಿ. ನೆಲ ಒರೆಸುವವಳಿಗೂ ಹೇಳಿದ. ತಪಾಸಣೆಯ ಸಾಲಿನಲ್ಲಿ ಯಾರೂ ಕೇಳದೆಯೇ ಚೀಲದ ಗಂಟು ಬಿಚ್ಚಿ, ಒಂದೊಂದೇ ಎತ್ತಿ ಹಿಡಿದು ಹೆಸರು ಹೇಳತೊಡಗಿದ. ಹಿಂದೆ ಸಾಲು ಬೆಳೆಯಿತು. ಸೂಟು ಹಾಕಿದವನೊಬ್ಬ ಗಡಿಯಾರ ನೋಡಿದ. ತ್ರಿವೇಣಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಿಮಾನದಲ್ಲಿ ಕೂತ ಮೇಲೆ ಅವಳು ಅಪ್ಪನ ಕಡೆ ನೋಡದೆಯೇ, ಇನ್ನು ಮೇಲೆ ಅಜ್ಜಿ ಹೇಳಿದ್ದೆಲ್ಲ ಮರೆತುಬಿಡು, ನಾನು ಹೇಳಿದಷ್ಟೇ ಮಾಡು ಅಂದಳು. ಅವನಿಗೂ ಅದು ಹಗುರ ಅನ್ನಿಸಿತು. ಫೋನು ಬಂದ್ ಮಾಡು ಅಂದಳು, ಮಾಡಿದ.

ಟೋಕಿಯೋ ಅಂದರೆ ಏನು ಕೇಳುತ್ತೀರಿ. ತ್ರಿವೇಣಿ ತಿಂಗಳುಗಟ್ಟಲೆ ಆ ಊರಿನ ರೈಲು ನಕಾಶೆಯನ್ನು ಬಾಯಿಪಾಠ ಮಾಡಿದ್ದಳು. ಯಾವ ದಿನ ಎಲ್ಲಿ, ಯಾವ ಬಣ್ಣದ ಗಾಡಿ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಮೂರನೇ ದಿನ ಮಧ್ಯಾಹ್ನ ಬಿಡುವಿತ್ತು. ಊರನ್ನು ಬಳೆಯ ಹಾಗೆ ಸುತ್ತುವ ಹಸಿರು ಪಟ್ಟಿಯ ರೈಲು ಹತ್ತಿದರು. ಗದ್ದಲ ನೋಡಿ ಅವಳಿಗೆ ಸ್ವಲ್ಪ ಹೆದರಿಕೆಯಾಯಿತು.

“ಅಪ್ಪಾ, ಕೈತಪ್ಪಿದರ ನೀ ಎಲ್ಲಿ ನಿಂತಿರತೀಯೋ ಅಲ್ಲೇ ನಿಂತಿರು. ನಾ ಬಂದು ಕರಕೊಂಡು ಹೋಗೂತನಕ ಕದಲಬ್ಯಾಡ.”

ನಾಲ್ಕು ನಿಲ್ದಾಣ ಆಗುವಷ್ಟರಲ್ಲಿ ಹಾಗೇ ಆಯಿತು. ಇಳಿಯುವ ಜನ ಅವಳನ್ನು ಹೊರಗೆ ನೂಕಿದರು. ಹತ್ತುವ ಜನ ನಡುವೆ ಬಂದರು. ಬಾಗಿಲು ಮುಚ್ಚಿತು. ಗಾಜಿನ ಒಳಗೆ ಅಪ್ಪ ಮೇಲಿನ ಹಿಡಿಕೆ ಹಿಡಿದು ನಿಂತದ್ದು ಕಂಡಿತು. ರೈಲು ಹೋಯಿತು. ಫೋನು ಹಚ್ಚಿದರೆ ಅದು ಬಂದ್. ಆನ್ ಮಾಡು ಅಂತ ಅವಳು ಹೇಳಿಯೇ ಇರಲಿಲ್ಲ.

ಮೊದಲು ಅವಳು ಅತ್ತಳು. ಆಮೇಲೆ ಗೋಡೆಯ ನಕಾಶೆಯ ಮುಂದೆ ನಿಂತು ನೋಡಿದಳು. ಬೇರೆ ಯಾರ ಅಪ್ಪನಾದರೂ ಗಾಬರಿಯಾಗಿ ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಿದ್ದ, ಹಿಂದಕ್ಕೆ ಬರುತ್ತಿದ್ದ, ದಾರಿ ತಪ್ಪುತ್ತಿದ್ದ. ತನ್ನ ಅಪ್ಪ ಇಳಿಯುವುದಿಲ್ಲ. ರೈಲು ಸುತ್ತು ಹೊಡೆದು ಇಲ್ಲಿಗೇ ಬರಬೇಕು. ನೆಲದ ಮೇಲೆ ಆ ಬಾಗಿಲು ಬಂದು ನಿಲ್ಲುವ ಜಾಗದ ಗುರುತು ಹಾಕಿತ್ತು, ಅದರ ಮುಂದೆಯೇ ನಿಂತಳು. ಒಂದೊಂದು ರೈಲು ಬಂದಾಗಲೂ ಒಳಗೆ ಇಣುಕಿದಳು. ಹಾಗೆ ಒಂದು ತಾಸಿನ ಮೇಲಾಯಿತು.

ಕೊನೆಗೆ ಬಾಗಿಲು ತೆರೆಯಿತು, ಅಪ್ಪ ಇದ್ದ. ರೈಲಿನ ಡಬ್ಬಿ ಹೆಚ್ಚುಕಡಿಮೆ ಖಾಲಿಯಾಗಿತ್ತು. ಸುತ್ತ ಎಲ್ಲ ಸೀಟು ತೆರವು. ಅವನು ಮಾತ್ರ ನಡುವೆ ಅದೇ ಹಿಡಿಕೆ ಹಿಡಿದು ನಿಂತಿದ್ದ. ಬಾ, ಇಳಿ ಅಂತ ಅವಳು ಹೊರಗಿನಿಂದ ಕೂಗಿದಳು. ಅವನು ಕದಲಲಿಲ್ಲ. ಬಂದು ಕರಕೊಂಡು ಹೋಗೂತನಕ ಅಂದಿದ್ದಳಲ್ಲ. ಅವಳು ಒಳಗೆ ಹಾರಿ ಅವನ ಕೈ ಹಿಡಿದಳು. ಅಷ್ಟರಲ್ಲಿ ಬಾಗಿಲು ಮುಚ್ಚಿ ರೈಲು ಹೊರಟೇಬಿಟ್ಟಿತು.

ಇಷ್ಟು ಹೊತ್ತು ನಿಂತೇ ಇದ್ದೆಯಾ ಅಂತ ಕೇಳಿದಳು. ನಿಂತಿರು ಅಂದಿದ್ದಿ ಅಂದ. ಒಬ್ಬ ಮುದುಕಿ ಕೂಡು ಅಂತ ಮೂರು ಸಲ ಕೈ ಮಾಡಿದಳಂತೆ, ಇವನು ಮೂರು ಸಲ ತಲೆ ಅಲ್ಲಾಡಿಸಿದನಂತೆ.

“ಅಂಜಿಕಿ ಬರಲಿಲ್ಲೇನು?”

“ಬಂತು. ಅಂಜಬ್ಯಾಡ ಅಂತ ನೀ ಅಂದಿರಲಿಲ್ಲಲ್ಲ. ಅದಕ್ಕ ಅಂಜಿಕೊಂಡ ನಿಂತೆ.”

ತ್ರಿವೇಣಿ ಅವನನ್ನು ಸೀಟಿನ ಮೇಲೆ ಕೂರಿಸಿ, ಇಲ್ಲಿ ಕೂಡು, ನಾ ಏಳು ಅನ್ನೂತನಕ ಏಳಬ್ಯಾಡ ಅಂದಳು. ಕೂತ. ಕೂತವನು ಕಿಟಕಿಯ ಕಡೆ ಬೆರಳು ಮಾಡಿ, ಈಗ ಒಂದು ಮಾಳಿಗಿ ಬರತೈತಿ, ಅದರ ಮ್ಯಾಲ ಬಲೆ ಕಟ್ಟಿ ಮಂದಿ ಚೆಂಡು ಹೊಡೀತಾರ ನೋಡು ಅಂದ. ಬಂತು. ಇನ್ನು ಎರಡು ಸಲ ಬಾಗಿಲು ತೆರೆದ ಮೇಲೆ ಗಿಡಗಳ ನಡುವೆ ಗೋರಿಗಳು ಅಂದ. ಅವೂ ಬಂದವು. ಒಟ್ಟು ಮೂವತ್ತು ಸಲ ಬಾಗಿಲು ತೆರೆಯುವುದನ್ನು ಎಣಿಸಿದ್ದ, ಎಲ್ಲಿ ಯಾವ ಹಾಡು ಕೇಳಿಸುತ್ತದೆ, ಎಲ್ಲಿ ಹಳದಿ ಟೊಪ್ಪಿಗೆಯ ಮಕ್ಕಳು ಹತ್ತುತ್ತಾರೆ, ಎಲ್ಲ ಹೇಳಿದ. ಇದು ಯಾವುದೂ ಅವಳ ನಕಾಶೆಯಲ್ಲಿ ಇರಲಿಲ್ಲ. ನೋಟ್‌ಬುಕ್ ತೆಗೆದಳು, ಆಮೇಲೇನು, ಆಮೇಲೇನು ಅಂತ ಕೇಳುತ್ತ ಬರೆದುಕೊಳ್ಳತೊಡಗಿದಳು.

ಇಳಿಯಬೇಕಾದ ನಿಲ್ದಾಣ ಬಂತು, ಹೋಯಿತು. ಒಂದು ತಾಸಿನ ಮೇಲೆ ಮತ್ತೆ ಬಂತು, ಮತ್ತೆ ಹೋಯಿತು. ಅವಳು ಏಳು ಅನ್ನಲಿಲ್ಲ. ಅವನು ಏಳಲಿಲ್ಲ.