ತಡೆದು ನಿಂತ ಕತ್ತಿ

“ಗುರುಗಳೇ, ಅರ್ಥ ತಿಳಿಯದ್ದನ್ನು ಮಾಡುತ್ತಲೇ ಇರಬೇಕೆ, ಬಿಟ್ಟುಬಿಡಬೇಕೆ?” ಎಂದು ಶಾಂಭವಿ ಕೇಳಿದಳು.

ದಾವಣಗೆರೆಯಲ್ಲಿ ಹಿಂದೆ ಹತ್ತಿ ತುಂಬಿಡುತ್ತಿದ್ದ ಒಂದು ಗೋದಾಮಿನಲ್ಲಿ ಪರಮಶಿವಯ್ಯನವರು ಜಪಾನಿನ ಕತ್ತಿವರಸೆ ಕಲಿಸುತ್ತಿದ್ದರು. ಹರೆಯದಲ್ಲಿ ಆ ದೇಶಕ್ಕೆ ಹೋಗಿ, ಅಲ್ಲಿನ ಗರಡಿಯೊಂದರಲ್ಲಿ ಬಹುಕಾಲ ಇದ್ದು ಕಲಿತು ಬಂದವರು. ಶಾಂಭವಿ ಅವರ ಶಿಷ್ಯೆ. ಕೈ ಎಷ್ಟು ಚುರುಕೋ ಮಾತೂ ಅಷ್ಟೇ ಚುರುಕು. ಜಪಾನಿನ ಇತಿಹಾಸ ಸಿಕ್ಕಲ್ಲೆಲ್ಲ ಓದುವಳು, ಓದಿದ್ದನ್ನು ತಂದು ಗುರುಗಳ ಮುಂದೆ ಸುರಿಯುವಳು. ಒಳಗೆ ಬರುವಾಗ ಎಡಗಾಲನ್ನೇ ಏಕೆ ಮೊದಲು ಇಡಬೇಕು, ಕತ್ತಿಯನ್ನು ನೆಲದ ಮೇಲಿಡುವಾಗ ಅಲಗು ತನ್ನ ಕಡೆಗೇ ಏಕಿರಬೇಕು ಎಂದೆಲ್ಲ ಕೇಳುವಳು. ಕೆಲವಕ್ಕೆ ಗುರುಗಳಲ್ಲಿ ಉತ್ತರವಿತ್ತು. ಕೆಲವಕ್ಕೆ ಇರಲಿಲ್ಲ. ಕಾರಣ ಗೊತ್ತಿಲ್ಲದ್ದನ್ನು ತೆಗೆದುಹಾಕಿದರೆ ವಿದ್ಯೆಯ ಭಾರ ಇಳಿಯುತ್ತದೆ, ಕಲಿಯುವವರಿಗೂ ಹಗುರ ಎಂಬುದು ಅವಳ ವಾದವಾಗಿತ್ತು.

ಪರಮಶಿವಯ್ಯನವರು ಅವಳನ್ನು ಕೂರಿಸಿ ಒಂದು ಕತೆ ಹೇಳಿದರು.

ಜಪಾನಿನ ಬೆಟ್ಟಸೀಮೆಯೊಂದರಲ್ಲಿ ಒಂದು ಕತ್ತಿವರಸೆಯ ಗರಡಿ ಇತ್ತು. ಅಲ್ಲಿ ಇಸಾಬುರೊ ಎಂಬ ಶಿಷ್ಯನಿದ್ದ. ಯಾವುದನ್ನೂ ಹಾಗೇ ಒಪ್ಪಿಕೊಳ್ಳುವ ಸ್ವಭಾವದವನಲ್ಲ. ಆ ಗರಡಿಯ ಮುಖ್ಯ ವರಸೆಯಲ್ಲಿ ಒಂದು ವಿಚಿತ್ರವಿತ್ತು. ಎದುರಾಳಿಯ ಕತ್ತಿಯನ್ನು ಪಕ್ಕಕ್ಕೆ ತಳ್ಳಿ, ಅವನ ತಲೆ ಬಯಲಾದ ಕ್ಷಣದಲ್ಲಿ, ಹೊಡೆಯುವುದಕ್ಕೆ ಮೊದಲು ತನ್ನ ಕತ್ತಿಯ ಮೊನೆಯನ್ನು ಕೆಳಗಿಳಿಸಿ ನಿಲ್ಲಬೇಕು. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ತಡೆಯಬೇಕು. ಆಮೇಲೆ ಕತ್ತಿ ಎತ್ತಿ ಹೊಡೆಯಬೇಕು.

ಗೆಲುವು ಕೈಗೆ ಬಂದಾಗ ಏಕೆ ನಿಲ್ಲಬೇಕು? ಇಸಾಬುರೊಗೆ ಅದು ತಿಳಿಯಲಿಲ್ಲ. ಗರಡಿಯ ಹಿರಿಯನನ್ನು ಕೇಳಿದ. ನನ್ನ ಗುರು ಹೀಗೆ ನಿಲ್ಲುತ್ತಿದ್ದರು, ಅವರ ಗುರುವೂ ಹೀಗೆಯೇ ನಿಲ್ಲುತ್ತಿದ್ದರಂತೆ, ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ ಎಂದು ಹಿರಿಯ ಹೇಳಿದ. ಈ ವರಸೆಯನ್ನು ಕಟ್ಟಿದ ಮೂಲಗುರು ಹೊಳೆಯ ದಡದಲ್ಲಿ ಒಬ್ಬ ಹೆಸರಾಂತ ಎದುರಾಳಿಯೊಡನೆ ಕಾದಾಡಿ ಅವನನ್ನು ಕೊಂದನೆಂದೂ, ಆ ಕಾಳಗವೇ ಈ ವರಸೆಯಾಯಿತೆಂದೂ ಮಾತ್ರ ಗರಡಿಯಲ್ಲಿ ಎಲ್ಲರೂ ಬಲ್ಲರು.

ಹೀಗಿರುವಾಗ ಆ ಸೀಮೆಯ ದೊರೆ ಒಂದು ಪಂದ್ಯ ಏರ್ಪಡಿಸಿದ. ಪೇಟೆಯ ಗರಡಿಯ ವರಸೆಗಾರನೊಬ್ಬನ ಎದುರು ಇಸಾಬುರೊ ನಿಲ್ಲಬೇಕೆಂದು ಅಪ್ಪಣೆಯಾಯಿತು. ಮರದ ಕತ್ತಿಯ ಪಂದ್ಯವೇ ಆದರೂ ಮರದ ಕತ್ತಿಯಿಂದಲೂ ತಲೆ ಒಡೆದು ಸತ್ತವರಿದ್ದರು. ಪೇಟೆಯವನು ಆಗಲೇ ನಾಲಿಗೆ ಸಡಿಲ ಬಿಟ್ಟಿದ್ದ. ಆ ಗರಡಿಯವರು ಹೊಡೆಯುವ ಮೊದಲು ನಿದ್ದೆ ಮಾಡುತ್ತಾರೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಇಸಾಬುರೊಗೆ ಈಗ ಕುತೂಹಲದ ಜೊತೆಗೆ ಜೀವದ ಪ್ರಶ್ನೆಯೂ ಸೇರಿತು. ಹೊಡೆಯುವ ಮೊದಲಿನ ಆ ತಡೆ ಅರ್ಥವಿಲ್ಲದ್ದಾದರೆ ಅದನ್ನು ಬಿಟ್ಟು ಹೊಡೆಯಬೇಕು. ಅರ್ಥವಿದ್ದರೆ ಅದೇನೆಂದು ತಿಳಿಯಬೇಕು. ಹಿರಿಯನ ಅನುಮತಿ ಪಡೆದು ಮೂಲಗುರುವಿನ ಊರಿಗೆ ಹೊರಟ.

ಆ ಊರಿನವರು ಅವನಿಗೆ ತುಂಬ ಮರ್ಯಾದೆ ಮಾಡಿದರು. ಮೂಲಗುರುವಿನ ಸಮಾಧಿ ತೋರಿಸಿದರು, ಅವನು ನೀರು ಸೇದುತ್ತಿದ್ದ ಬಾವಿ ತೋರಿಸಿದರು. ಅವನ ಶೌರ್ಯವನ್ನು ಬಾಯಿ ತುಂಬ ಹೊಗಳಿದರು. ತಡೆಯ ವಿಷಯ ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಅದು ದೇವರನ್ನು ನೆನೆಯುವ ಹೊತ್ತು ಎಂದು ಒಬ್ಬ. ಎದುರಾಳಿಯನ್ನು ಮೋಸಗೊಳಿಸುವ ಉಪಾಯ ಎಂದು ಇನ್ನೊಬ್ಬ. ಯಾವುದೂ ಇಸಾಬುರೊಗೆ ಹಿಡಿಸಲಿಲ್ಲ. ಬರಿಗೈಯಲ್ಲಿ ಮರಳಬೇಕೆಂದುಕೊಂಡವನಿಗೆ, ಸತ್ತ ಎದುರಾಳಿಯ ಊರು ಹೊಳೆಯ ಆಚೆಗೇ ಇದೆ ಎಂಬುದು ತಿಳಿಯಿತು. ನಮ್ಮವನ ಸಮಾಧಿಗೆ ಕೈಮುಗಿದ ಮೇಲೆ ಅವನ ಸಮಾಧಿಗೂ ಕೈಮುಗಿಯುವುದು ನ್ಯಾಯ ಅನ್ನಿಸಿತು. ಹೊಳೆ ದಾಟಿದ.

ಆಚೆ ಊರಿನಲ್ಲಿ ಎದುರಾಳಿಯ ಮನೆತನ ಇನ್ನೂ ಇತ್ತು. ಅವನ ಮರಿಮಗಳು, ಮನೆಯ ಯಜಮಾನಿ, ಅಂಗಳದಲ್ಲಿ ಮೂಲಂಗಿ ಒಣಹಾಕುತ್ತಿದ್ದಳು. ಇಸಾಬುರೊ ತಾನು ಯಾವ ಗರಡಿಯವನೆಂದು ಹೇಳಲು ಅಂಜಿದ. ಇವಳ ಮುತ್ತಜ್ಜನನ್ನು ಕೊಂದವರ ಕಡೆಯವನಲ್ಲವೇ ತಾನು. ಆದರೂ ಸುಳ್ಳು ಹೇಳಬಾರದೆಂದು ನಿಜವನ್ನೇ ಹೇಳಿ, ಕಾಳಗದಲ್ಲಿ ಮಡಿದ ಹಿರಿಯರ ಸಮಾಧಿ ಎಲ್ಲಿದೆ ಎಂದು ತಲೆತಗ್ಗಿಸಿ ಕೇಳಿದ.

ಯಜಮಾನಿ ಅವನನ್ನು ನೋಡಿ ನಕ್ಕಳು. ಮುತ್ತಜ್ಜ ಯಾವ ಕಾಳಗದಲ್ಲೂ ಮಡಿಯಲಿಲ್ಲ, ಹಲ್ಲೆಲ್ಲ ಉದುರಿ ಗಂಜಿ ಕುಡಿದುಕೊಂಡು ಮುಪ್ಪಿನಲ್ಲಿ ಹಾಸಿಗೆಯ ಮೇಲೆ ಸತ್ತ ಎಂದಳು. ಇಸಾಬುರೊ ಬೆರಗಾಗಿ ಅಲ್ಲಿಯೇ ಕುಳಿತುಬಿಟ್ಟ. ಅವಳು ತನ್ನ ಅಜ್ಜಿಯ ಬಾಯಿಂದ ಕೇಳಿದ್ದನ್ನು ಹೇಳಿದಳು.

ಹೊಳೆಯ ದಡದಲ್ಲಿ ಇಬ್ಬರೂ ಕಾದಾಡಿದ್ದು ನಿಜ. ಇಬ್ಬರಲ್ಲಿ ಒಬ್ಬನು ಸಾಯಲೇಬೇಕೆಂದು ಬಂದಿದ್ದೂ ನಿಜ. ನಡುವೆ ಮುತ್ತಜ್ಜನ ಹುಲ್ಲಿನ ಚಪ್ಪಲಿಯ ಹುರಿ ಕಿತ್ತುಹೋಗಿ ಕಾಲು ಜಾರಿತು. ಕತ್ತಿ ಪಕ್ಕಕ್ಕೆ ಹೋಯಿತು. ತಲೆ ಬಯಲಾಯಿತು. ಆಗ ಎದುರಿಗಿದ್ದವನು ಹೊಡೆಯಲಿಲ್ಲ. ಕತ್ತಿಯ ಮೊನೆಯನ್ನು ಇಳಿಸಿ, ಕಟ್ಟಿಕೋ ಎನ್ನುವಂತೆ ತಡೆದು ನಿಂತ. ಮುತ್ತಜ್ಜ ಕುಳಿತು ಹುರಿ ಕಟ್ಟಲು ನೋಡಿದ. ಅವಸರದಲ್ಲಿ ಗಂಟು ಬೀಳಲಿಲ್ಲ. ಮತ್ತೆ ಮತ್ತೆ ಬಿಚ್ಚಿಹೋಯಿತು. ಮೂಲಗುರು ನಿಂತೇ ಇದ್ದ. ಕೊನೆಗೆ ಗಂಟು ಬಿತ್ತು. ಆದರೆ ಎದ್ದು ನಿಂತ ಮೇಲೆ, ತನಗಾಗಿ ಇಷ್ಟು ಹೊತ್ತು ಕಾದವನ ಮೇಲೆ ಕತ್ತಿ ಎತ್ತಲು ಮುತ್ತಜ್ಜನಿಗೆ ಮನಸ್ಸು ಬರಲಿಲ್ಲ. ಅವನಿಗೂ ಬರಲಿಲ್ಲ. ತಲೆಬಾಗಿ ಇಬ್ಬರೂ ತಮ್ಮ ತಮ್ಮ ಮನೆಗೆ ಹೋದರು.

ಇಸಾಬುರೊ ತಡೆಯ ಅರ್ಥ ಕೇಳಿಕೊಂಡು ಬಂದಿದ್ದ. ತಡೆಯಾದ ಮೇಲಿನ ಹೊಡೆತ ನಡೆದೇ ಇಲ್ಲವೆಂದು ತಿಳಿಯುತ್ತದೆಂದು ಅವನು ಎಣಿಸಿರಲಿಲ್ಲ. ಹಾಗಾದರೆ ಆ ಹೊಡೆತ ವರಸೆಯೊಳಗೆ ಹೇಗೆ ಬಂತು ಎಂದು ಕೇಳಿದ.

ಅದನ್ನೂ ಯಜಮಾನಿ ಬಲ್ಲಳು. ಮೂಲಗುರು ತಡೆಯವರೆಗೆ ಮಾತ್ರ ಕಲಿಸಿ ಸುಮ್ಮನಾಗುತ್ತಿದ್ದನಂತೆ. ಅವನು ಸತ್ತ ಮೇಲೆ, ಮುಗಿಯದ ವರಸೆ ಎಂದು ಶಿಷ್ಯರಿಗೆ ನಾಚಿಕೆಯಾಗಿ ಒಂದು ಹೊಡೆತ ಸೇರಿಸಿದರು. ಹೊಡೆತ ಸೇರಿದ ಮೇಲೆ, ಗರಡಿಯ ಕತೆಯಲ್ಲಿ ಹೊಡೆಸಿಕೊಂಡವನು ಸಾಯಲೇಬೇಕಾಯಿತು. ಮುತ್ತಜ್ಜ ಮುಪ್ಪಿನಲ್ಲೊಮ್ಮೆ ತಾನು ಯಾರೆಂದು ಹೇಳದೆ ಆ ಗರಡಿಗೆ ಹೋಗಿ ಕುಳಿತು ಎಲ್ಲವನ್ನೂ ನೋಡಿದ. ಮನೆಗೆ ಬಂದು, ಇವತ್ತು ನಾನು ಸಾಯುವುದನ್ನು ನಾನೇ ನೋಡಿ ಬಂದೆ ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ತಪ್ಪನ್ನು ಏಕೆ ತಿದ್ದಲಿಲ್ಲ ಎಂದು ಮನೆಯವರು ಕೇಳಿದರು.

“ಹೊಡೆತ ಅವರದು, ಇರಲಿ. ಅವನು ನನಗಾಗಿ ನಿಂತದ್ದನ್ನು ಉಳಿಸಿಕೊಂಡಿದ್ದಾರೆ, ಸಾಕು,” ಎಂದನಂತೆ.

ಇಸಾಬುರೊ ಸಮಾಧಿಗೆ ಕೈಮುಗಿದು ಮರಳಿದ. ಕೇಳಿದ್ದೆಲ್ಲವನ್ನೂ ಗರಡಿಯ ಹಿರಿಯನಿಗೆ ಹೇಳಿದ. ಹಿರಿಯ ಹೊಳೆಯ ದಿಕ್ಕಿಗೆ ತಿರುಗಿ ನೆಲಕ್ಕೆ ತಲೆ ಮುಟ್ಟಿಸಿದ. ಪಂದ್ಯದಲ್ಲಿ ಏನು ಮಾಡುತ್ತೀಯೆ ಎಂದು ಆಮೇಲೆ ಕೇಳಿದ. ಇಸಾಬುರೊ, ಗೊತ್ತಿಲ್ಲ ಎಂದ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

ಪಂದ್ಯ ನಡೆಯಿತು. ಪೇಟೆಯವನು ಗಟ್ಟಿಗನೇ ಆಗಿದ್ದ. ಬಹಳ ಹೊತ್ತು ಯಾರೂ ಸೋಲಲಿಲ್ಲ. ಕೊನೆಗೆ ಇಸಾಬುರೊ ಅವನ ಕತ್ತಿಯನ್ನು ಪಕ್ಕಕ್ಕೆ ತಳ್ಳಿದ. ಪೇಟೆಯವನ ತಲೆ ಬಯಲಾಯಿತು. ಅವನ ಕಣ್ಣಿನಲ್ಲಿ ಸಾವಿನ ಭಯ ಇಸಾಬುರೊಗೆ ಸ್ಪಷ್ಟವಾಗಿ ಕಂಡಿತು. ಹೊಡೆಯಲೋ ಬೇಡವೋ ಎಂದು ಇಸಾಬುರೊ ಯೋಚಿಸಲಿಲ್ಲ. ಅವನ ಕೈ ತಾನಾಗಿ ಇಳಿಯಿತು. ಅವನು ನಿಂತ.

ಪೇಟೆಯವನು ನಿಲ್ಲಲಿಲ್ಲ. ಸಿಕ್ಕ ಸಂದಿನಲ್ಲಿ ಕತ್ತಿ ಬೀಸಿದ. ಇಸಾಬುರೊನ ಹೆಗಲ ಮೂಳೆ ಮುರಿಯಿತು. ದೊರೆ ಪೇಟೆಯವನಿಗೆ ಗೆಲುವು ಕೊಟ್ಟ. ನೋಡಿದವರು, ಆ ಗರಡಿಯವರು ನಿದ್ದೆ ಮಾಡುವುದು ನಿಜವೇ ಎಂದು ನಕ್ಕು ಚದುರಿದರು. ಇಸಾಬುರೊನನ್ನು ಹೊತ್ತು ತಂದು ಮಲಗಿಸಿದರು. ಹೆಗಲಿನ ನೋವು ತಡೆಯಲಾಗುತ್ತಿರಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ.

ಕೆಲವು ದಿನಗಳಾದ ಮೇಲೆ ಪೇಟೆಯವನು ಗರಡಿಯ ಬಾಗಿಲಿಗೆ ಬಂದ. ಗೆದ್ದವನ ಮುಖ ಅದಾಗಿರಲಿಲ್ಲ. ಆ ಗೆಲುವು ಅವನಿಗೆ ಅರಗಿರಲಿಲ್ಲ. ಇಸಾಬುರೊನ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ಕುಳಿತ.

“ನನ್ನ ತಲೆ ನಿಮ್ಮ ಕೈಯಲ್ಲಿತ್ತು. ಏಕೆ ನಿಂತಿರಿ?” ಎಂದು ಕೇಳಿದ.

ಇಸಾಬುರೊ ಹೊಳೆಯ ದಡದ ಕತೆ ಹೇಳಿದ. ಪೇಟೆಯವನು ಮರುದಿನವೂ ಬಂದ, ಆಮೇಲೆಯೂ ಬಂದ. ಮೂಳೆ ಕೂಡುವವರೆಗೆ ಇಸಾಬುರೊಗೆ ಊಟ ಮಾಡಿಸಿದವನು ಅವನೇ. ಕೂಡಿದ ಮೇಲೂ ತನ್ನ ಗರಡಿಗೆ ಹಿಂತಿರುಗಲಿಲ್ಲ. ಮುಂದೆ ಹಿರಿಯ ತೀರಿಕೊಂಡಾಗ ಗರಡಿ ಇಸಾಬುರೊನ ಪಾಲಿಗೆ ಬಂತು. ಇಬ್ಬರೂ ಸೇರಿ ಅದನ್ನು ನಡೆಸಿದರು.

ಪರಮಶಿವಯ್ಯನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಾಂಭವಿಗೆ ಸಮಾಧಾನವಾಗಲಿಲ್ಲ. ಇಸಾಬುರೊ ಗರಡಿಗೆ ಒಡೆಯನಾದ ಮೇಲೆ ಆ ಸುಳ್ಳು ಹೊಡೆತವನ್ನು ತೆಗೆದುಹಾಕಿರಬೇಕು, ನಿಜವನ್ನು ಮೊದಲ ದಿನವೇ ಎಲ್ಲ ಶಿಷ್ಯರಿಗೂ ಹೇಳಿರಬೇಕು ಎಂದಳು. ಇಲ್ಲ, ವರಸೆಯಲ್ಲಿ ಅವನು ಏನನ್ನೂ ಬದಲಾಯಿಸಲಿಲ್ಲ, ಕೇಳಿದವರಿಗೆ ಮಾತ್ರ ಹೇಳಿದ ಎಂದು ಗುರುಗಳು ಉತ್ತರಿಸಿದರು. ಅದನ್ನು ಕೇಳಿ ಅವಳಿಗೆ ಬೇಸರವೇ ಆಯಿತು.

“ಹಾಗಾದರೆ ಎಷ್ಟೋ ತಲೆಮಾರಿನವರು ಏನೂ ತಿಳಿಯದೆ ಸುಮ್ಮನೆ ನಿಂತು ನಿಂತು ಸತ್ತರಲ್ಲ, ಗುರುಗಳೇ. ಅವರು ನಿಂತದ್ದರಿಂದ ಏನಾಯಿತು?”

ಗುರುಗಳು ಎದ್ದು ನಿಂತು ಹೇಳಿದರು:

“ತಿಳಿಯಲಿಲ್ಲವೆಂದು ಅವರು ಅದನ್ನು ಬಿಟ್ಟುಬಿಟ್ಟಿದ್ದರೆ, ಇಸಾಬುರೊ ಏನನ್ನು ಕೇಳಿಕೊಂಡು ಗರಡಿ ಬಿಟ್ಟು ಹೊರಡುತ್ತಿದ್ದ?”

ಶಾಂಭವಿ ಎದ್ದು ಹೊರಗೆ ಹೋಗಿ, ಎಡಗಾಲನ್ನು ಮೊದಲು ಇಟ್ಟು ಮತ್ತೆ ಒಳಗೆ ಬಂದಳು.